ಜುಲೈ ಕೊನೇ ಭಾನುವಾರ-ಸೋಮವಾರ, ಮುಂಬೈ ದಾದರ್ ವಸ್ತಿ, ಆರು ಮಂದಿ: ಎಲ್ಲಿ ಉಣ್ಣೂದು, ಏನು ತರಿಸೂದು?

ಹುಬ್ಬಳ್ಳಿ ಗಿರಮಿಟ್
ಎಲ್ಲರಿಗೂ ನಮಸ್ಕಾರ್ರಿ. ಭಾನುವಾರ ನಸುಕಿನ್ಯಾಗ ದಾದರ್ ಮುಟ್ಟತೀವಿ, ಮಂಗಳವಾರ ಮುಂಜಾನೆ ವಾಪಸ್. ವಸ್ತಿ ದಾದರ್ ಸ್ಟೇಷನ್ ಬಾಜೂಕ. ಆರು ಮಂದಿ. ಹಿರಿಯರು ಇಬ್ಬರು, ಉಳ್ಳಾಗಡ್ಡಿ-ಬಳ್ಳೊಳ್ಳಿ ಮುಟ್ಟಂಗಿಲ್ಲ, ಅವರೊಳಗ ಒಬ್ಬರಿಗೆ ಮೊಣಕಾಲ್ ನೋವು. ಮೀನ ಅಂದ್ರ ಜೀವ ಬಿಡೋರು ಇಬ್ಬರು. ಹುಡುಗರು ಇಬ್ಬರು, 8 ಮತ್ತ 11 ವಯಸ್ಸು, ಖಾರ ಆಗಂಗಿಲ್ಲ. ದೊಡ್ಡ ಸ್ಟಾರ್ ಹೋಟೆಲ್ ಬ್ಯಾಡ. ಯಾವ ಹೊತ್ತಿಗೆ ಎಲ್ಲಿ ಹೋಗಬೇಕು, ಅಲ್ಲಿ ಏನು ತರಿಸಬೇಕು, ಎಲ್ಲಿ ಕಿಸೆ ಕತ್ತರಿ ಬೀಳತದ, ಇಷ್ಟ ಹೇಳ್ರಿ ಸಾಕು.

ಕಿಂಗ್ಸ್ ಸರ್ಕಲ್ ಕಾಫಿ
ಮೊದಲು ವಾರ ನೋಡಿ. ದಾದರ್ ಪಕ್ಕದ ಮಾಟುಂಗಾದ ಎರಡು ಹೆಸರಾಂತ ಜಾಗಗಳಿಗೆ ಸೋಮವಾರ ರಜೆ: ಕಿಂಗ್ಸ್ ಸರ್ಕಲ್‌ನ ಕೆಫೆ ಮದ್ರಾಸ್ (1940ರದು), ಮತ್ತೆ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ (1942ರದು). ಅಂದ್ರೆ ಮಾಟುಂಗಾ ಭಾನುವಾರವೇ ಮುಗೀಬೇಕು. ಸೋಮವಾರ ಹೋದ್ರೆ ಹೂವಿನ ಮಾರ್ಕೆಟ್ ನೋಡ್ಕೊಂಡು ಬರಬೇಕಷ್ಟೆ.

ಕೆಫೆ ಮದ್ರಾಸ್‌ಗೆ ಭಾನುವಾರ ಬೆಳಿಗ್ಗೆ ಏಳೂವರೆ ಒಳಗೆ ಬಾಗಿಲಲ್ಲಿರಿ. ಒಂಬತ್ತಕ್ಕೆ ಹೋದ್ರೆ ಫುಟ್‌ಪಾತ್ ತುಂಬಾ ಜನ. ಬಾಗಿಲಲ್ಲಿರೋರ ಹತ್ರ ಹೆಸರು, ಜನ ಎಷ್ಟು ಅಂತ ಬರೆಸಬೇಕು. ಬರೆಸದೆ ಸಾಲಿನಲ್ಲಿ ನಿಂತರೆ ನಿಂತೇ ಇರ್ತೀರಿ. ಇನ್ನೊಂದು: 'ಆರು' ಅಂತ ಬರೆಸಬೇಡಿ. ಅಲ್ಲಿನ ಮೇಜುಗಳೆಲ್ಲ ನಾಲ್ಕು ಜನದ್ದು. ಆರು ಅಂದ್ರೆ ಅಕ್ಕಪಕ್ಕದ ಎರಡು ಮೇಜು ಒಟ್ಟಿಗೆ ಖಾಲಿಯಾಗೋ ತನಕ ಕಾಯ್ತೀರಿ. 'ನಾಲ್ಕು, ಎರಡು, ಬೇರೆ ಬೇರೆ ಕೂತ್ರೂ ಪರವಾಗಿಲ್ಲ' ಅನ್ನಿ, ಅರ್ಧ ಹೊತ್ತಲ್ಲಿ ಒಳಗೆ.

ತರಿಸೋದು: ರಸಂ ವಡೆ, ಬೆಣ್ಣೆ ಇಡ್ಲಿ (ಮಕ್ಕಳಿಗೆ), ರಾಗಿ ದೋಸೆ. ಆರು ಪ್ಲೇಟ್ ಒಂದೇ ಸಲ ಹೇಳಬೇಡಿ. ವಡೆ-ಇಡ್ಲಿ ಎರಡು ನಿಮಿಷದಲ್ಲಿ ಬರುತ್ತೆ, ದೋಸೆ ಹಿಂದಿಂದ ಬರುತ್ತೆ. ಎಲ್ಲ ಒಟ್ಟಿಗೆ ಹೇಳಿದ್ರೆ ವಡೆ ತಣ್ಣಗಾಗಿ ಕೂತಿರುತ್ತೆ, ನಿಮ್ಮ ಕಣ್ಣು ತವಾ ಮೇಲೆ.

ಡೊಂಬಿವ್ಲಿ ಸ್ಲೋ
ಮಾಟುಂಗಾ ಅಂದ್ರೆ ಮೂರು ಸ್ಟೇಷನ್ ಅದಾವ, ತಪ್ಪಬ್ಯಾಡ್ರಿ. ಸೆಂಟ್ರಲ್ ಲೈನಿಗೆ 'ಮಾಟುಂಗಾ', ವೆಸ್ಟರ್ನ್ ಲೈನಿಗೆ 'ಮಾಟುಂಗಾ ರೋಡ್', ಹಾರ್ಬರಿಗೆ 'ಕಿಂಗ್ಸ್ ಸರ್ಕಲ್'. ನಿಮಗ ಬೇಕಾದ್ದು ಸೆಂಟ್ರಲ್. ದಾದರ್ ದಾಟಿದ ಮುಂದಿನ ಸ್ಟೇಷನ್ನೇ ಅದು, ಆದ್ರ ಸ್ಲೋ ಗಾಡಿ ಅಷ್ಟೇ ನಿಲ್ತದ. ಫಾಸ್ಟ್ ಹತ್ತಿದ್ರ ಕುರ್ಲಾ ಕಡೆ ಹೋಗ್ತೀರಿ.

ಭಾನುವಾರ ಮೆಗಾ ಬ್ಲಾಕ್ (ಹಳಿ ರಿಪೇರಿಗೆ ಲೈನ್ ಬಂದ್) ಇರ್ತದ, ಸಾಧಾರಣ ಮುಂಜಾನೆ ಹತ್ತು-ಹನ್ನೊಂದರಿಂದ ಮಧ್ಯಾಹ್ನ ನಾಲ್ಕರ ತನಕ. ಮಾಟುಂಗಾ-ಮುಲುಂಡ್ ನಡುವೆ ಸ್ಲೋ ಲೈನಿಗೆ ಬ್ಲಾಕ್ ಬಿದ್ರ ಸ್ಲೋ ಗಾಡಿ ಫಾಸ್ಟ್ ಲೈನ್ ಮ್ಯಾಲ ಓಡತಾವ. ಹಿಂದಿನ ದಿನ ರೈಲ್ವೆದವರು ಹೇಳಿರ್ತಾರ, ನೋಡ್ಕೊಳ್ರಿ. ಆರು ಮಂದಿ, ಮೊಣಕಾಲ್ ನೋವು ಅಂದ್ರ ಸುಮ್ಮ ಟ್ಯಾಕ್ಸಿನೇ ಛಲೋ. ಆದ್ರ ಒಂದು ಟ್ಯಾಕ್ಸಿಗೆ ನಾಲ್ಕೇ ಮಂದಿ, ಹಂಗಾಗಿ ಎರಡು ಬೇಕು. ದಾದರ್-ಮಾಟುಂಗಾದಾಗ ಆಟೋ ಹುಡುಕಬ್ಯಾಡ್ರಿ, ಬಾಂದ್ರಾ-ಸಾಯನ್ ಈಚೆ ಆಟೋ ಬರೂದಿಲ್ಲ.

ಘಾಟ್ಕೋಪರ್ ಅಕ್ಕ
ಹಿರಿಯರ ವಿಷಯ ಹೇಳ್ತೀನಿ. ಈ ಊರಲ್ಲಿ ಈರುಳ್ಳಿ-ಬೆಳ್ಳುಳ್ಳಿ ಬೇಡ ಅನ್ನೋಕೆ ಒಂದೇ ಪದ: 'ಜೈನ್'. ವೇಟರ್‌ಗೆ ಉದ್ದ ವಿವರಣೆ ಕೊಡಬೇಡಿ, 'ಜೈನ್' ಅಂದ್ರೆ ಅರ್ಥವಾಗುತ್ತೆ. ಆದ್ರೆ ಜೈನ್ ಅಂದ್ರೆ ಆಲೂಗಡ್ಡೆ, ಕ್ಯಾರೆಟ್, ಬೀಟ್‌ರೂಟ್ ಕೂಡ ಇರಲ್ಲ, ನೆಲದೊಳಗೆ ಬೆಳೆಯೋದು ಯಾವುದೂ ಇಲ್ಲ. ಪಾವ್ ಭಾಜಿಗೆ ಆಲೂ ಬದಲು ಬಾಳೆಕಾಯಿ ಹಾಕ್ತಾರೆ. ಆಲೂ ಆಗುತ್ತೆ, ಈರುಳ್ಳಿ-ಬೆಳ್ಳುಳ್ಳಿ ಮಾತ್ರ ಬೇಡ ಅನ್ನೋರು 'ಸ್ವಾಮಿನಾರಾಯಣ್' ಅನ್ನಬಹುದು, ಗುಜರಾತಿ ಗಿರಾಕಿ ಹೆಚ್ಚಿರೋ ಕಡೆ ತಕ್ಷಣ ತಿಳಿಯುತ್ತೆ.

ಎಲ್ಲಿ ಎಡವೋದು ಅಂದ್ರೆ, ಜೈನ್ ಅಂತ ಹೇಳಿದ್ರೂ ಬದಲಾಗದ ಪದಾರ್ಥಗಳು ಇರ್ತವೆ. ಸಾಂಬಾರ್ ಬೆಳಿಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಕುದ್ದಿರುತ್ತೆ, ಅದರೊಳಗೆ ಈರುಳ್ಳಿ ಇದ್ರೆ ಇದ್ದೇ ಇದೆ. ದೋಸೆ ಜೈನ್, ಪಕ್ಕದ ಸಾಂಬಾರ್ ಅಲ್ಲ! 'ಸಾಂಬಾರ್ ಭೀ ಜೈನ್ ಹೈ ಕ್ಯಾ?' ಅಂತ ಬೇರೆಯಾಗಿ ಕೇಳಿ. ಇಲ್ಲ ಅಂದ್ರೆ ಚಟ್ನಿ, ಮೊಸರು. ಕೆಂಪು ಚಟ್ನಿ ಅಂದ್ರೆ ಬೆಳ್ಳುಳ್ಳಿ ಅಂತಲೇ ತಿಳ್ಕೊಳ್ಳಿ. ಪಾವ್ ಭಾಜಿ ಗಾಡಿಯಲ್ಲಿ ಒಂದೇ ತವಾ, ಒಂದೇ ಮಸೆಯೋ ಕೈ. ಮಡಿ ನೋಡೋರಿಗೆ ಅದು ಬೇಡವೇ ಬೇಡ.

ಏನೂ ಕೇಳೋ ತಾಪತ್ರಯ ಬೇಡ ಅಂದ್ರೆ ಇಸ್ಕಾನ್‌ನ ಗೋವಿಂದಾಸ್. ಅಡುಗೆಮನೆಗೇ ಈರುಳ್ಳಿ-ಬೆಳ್ಳುಳ್ಳಿ ಬರಲ್ಲ. ಆದ್ರೆ ಜುಹು ನಿಮಗೆ ದೂರ.

ಕಿಂಗ್ಸ್ ಸರ್ಕಲ್ ಕಾಫಿ
ಅಕ್ಕ ಹೇಳಿದ್ದು ಸರಿ. ರಾಮ ನಾಯಕರಲ್ಲೂ ಕೂಪನ್ ತಗೊಳ್ಳುವಾಗಲೇ ಕೇಳಿಬಿಡಿ, ಆವತ್ತಿನ ಪಲ್ಯ-ಸಾರು ಏನು ಅಂತ ಗಲ್ಲಾದವರೇ ಹೇಳ್ತಾರೆ. ಅದು ಮಾಟುಂಗಾ ಸೆಂಟ್ರಲ್ ಸ್ಟೇಷನ್ ಪಕ್ಕದ ಮಾರ್ಕೆಟ್ ಕಟ್ಟಡದಲ್ಲಿ, ಮಹಡಿ ಮೇಲೆ. ಮೆಟ್ಟಿಲು ಹತ್ತಬೇಕು, ಮೊಣಕಾಲಿನವರಿಗೆ ಮೊದಲೇ ಹೇಳಿಡಿ. ಪದ್ಧತಿ ಹೀಗೆ: ಮೊದಲು ದುಡ್ಡು ಕೊಟ್ಟು ಕೂಪನ್, ಆಮೇಲೆ ನಂಬರ್ ಕರೆಯೋ ತನಕ ಬೆಂಚು. ಲಿಮಿಟೆಡ್ ಒಂದು, ಅನ್‌ಲಿಮಿಟೆಡ್ ಒಂದು, ಬಾಳೆಎಲೆ ಬೇಕಂದ್ರೆ ಅದೂ ಉಂಟು. ಮಕ್ಕಳಿಗೆ ಲಿಮಿಟೆಡ್ ಸಾಕು. ಅನ್‌ಲಿಮಿಟೆಡ್ ಎಲೆಯಿಂದ ಪಕ್ಕದ ತಟ್ಟೆಗೆ ಬಡಿಸಿಕೊಳ್ಳೋದು ಎಲ್ಲ ಬೋರ್ಡಿಂಗ್‌ಗಳಲ್ಲೂ ನಿಷೇಧ, ಬಡಿಸೋರು ನೋಡೇ ನೋಡ್ತಾರೆ.

ಮಧ್ಯಾಹ್ನದ ಊಟ ಹನ್ನೊಂದರ ಹೊತ್ತಿಗೇ ಶುರು. ಭಾನುವಾರ ಹನ್ನೆರಡೂವರೆಗೆ ಹೋದವರಿಗೆ ಬೆಂಚೂ ಸಿಗಲ್ಲ.

ತವಾ ಹತ್ತಿರದವ
ಮಕ್ಕಳಿಗೆ ದೋಸೆ ಹೇಳುವ ಮೊದಲು ಒಂದು ಮಾತು ಮಾರಾಯ್ರೆ. ಇಲ್ಲಿಯ ಮೆನುವಿನ 'ಮೈಸೂರು ಮಸಾಲಾ' ಉಂಟಲ್ಲ, ಅದಕ್ಕೂ ಮೈಸೂರಿಗೂ ದೂರದ ಸಂಬಂಧ. ಅಲ್ಲಿ ದೋಸೆಯ ಒಳಮೈಗೆ ಕೆಂಪು ಚಟ್ನಿ ಸವರಿ, ಪಲ್ಯ ಇಟ್ಟು ಮಡಚಿದರೆ ಆಯ್ತು. ಮುಂಬಯಿಯಲ್ಲಿ ದೋಸೆಯ ಬೆನ್ನ ಮೇಲೆಯೇ ಪಾವ್ ಭಾಜಿ ಹುಟ್ಟುತ್ತದೆ.

ಮಾಡುವ ಕ್ರಮ ನೋಡಿ, ಆಗ ಯಾವುದು ಸರಿ ಬಂದಿದೆ ಅಂತ ನಿಮಗೇ ತಿಳಿಯುತ್ತದೆ. ದಪ್ಪ ಉಕ್ಕಿನ ತವಾ. ಮೇಲೆ ನೀರು ಚಿಮುಕಿಸಿದರೆ ಹನಿಗಳು ಚುಂಯ್ ಅಂತ ಎರಡು-ಮೂರು ಸೆಕೆಂಡಿನಲ್ಲಿ ಮಾಯ ಆಗಬೇಕು. ಹನಿ ಅಲ್ಲೇ ಕೂತು ಕುದಿದರೆ ತವಾ ತಣ್ಣಗಿದೆ, ಮಣಿಯ ಹಾಗೆ ಉರುಳಾಡುತ್ತಾ ಬೇಗ ಮಾಯ ಆಗದಿದ್ದರೆ ಬಿಸಿ ಹೆಚ್ಚು. ಬಿಸಿ ಹೆಚ್ಚಾದರೆ ಹಿಟ್ಟು ಸೌಟಿಗೇ ಅಂಟಿ ಹರಿದುಬರುತ್ತದೆ. ಅದಕ್ಕೇ ಪ್ರತಿ ದೋಸೆಗೂ ಮೊದಲು ನೀರು ಹಾಕಿ ಕಡ್ಡಿ ಪೊರಕೆಯಲ್ಲಿ ಗುಡಿಸುವುದು. ಬರೇ ಚೊಕ್ಕ ಮಾಡಲಿಕ್ಕಲ್ಲ, ಬಿಸಿ ಇಳಿಸಲಿಕ್ಕೆ.

ಒಂದು ಸೌಟು ಹಿಟ್ಟು, ನಡುವಿನಿಂದ ಸುತ್ತು ಹಾಕಿ ತೆಳ್ಳಗೆ. ಮೇಲಿನ ಹಸಿ ಹೊಳಪು ಆರಿದ ಮೇಲೆ ಕೆಂಪು ಚಟ್ನಿ ಒಂದು ದೊಡ್ಡ ಚಮಚ, ಬೆಣ್ಣೆ ಒಂದು ಮುದ್ದೆ (20 ಗ್ರಾಂಗೆ ಕಡಿಮೆ ಇರುವುದಿಲ್ಲ), ಹೆಚ್ಚಿದ ಈರುಳ್ಳಿ, ಟೊಮೆಟೊ, ದೊಣ್ಣೆ ಮೆಣಸು, ಕೆಲವು ಕಡೆ ತುರಿದ ಬೀಟ್‌ರೂಟ್, ಒಂದು ಹಿಡಿ ಆಲೂ ಪಲ್ಯ, ಚಿಟಿಕೆ ಪಾವ್ ಭಾಜಿ ಮಸಾಲೆ. ಎಲ್ಲವನ್ನೂ ದೋಸೆಯ ಮೇಲೆಯೇ ಮಸೆಗೋಲಿನಲ್ಲಿ ಜಜ್ಜಿ, ಅಂಚಿನ ತನಕ ಹರಡುತ್ತಾರೆ.

ಕೆಡುವುದು ಇಲ್ಲಿಯೇ. ಟೊಮೆಟೊ-ಈರುಳ್ಳಿ ನೀರು ಬಿಡುತ್ತದೆ. ಗಡಿಬಿಡಿಯಲ್ಲಿ ಆ ನೀರು ಆರುವ ಮೊದಲೇ ಮಡಚಿದರೆ ದೋಸೆ ಹುರಿಯುವುದಿಲ್ಲ, ಬೇಯುತ್ತದೆ. ಗುರುತು: ಅಂಚು ಕಂದು, ನಡುವಿನ ಅಡಿ ಬೆಳ್ಳಗೆ, ಮುಟ್ಟಿದರೆ ಒದ್ದೆ ಬಟ್ಟೆ. 'ಟಮಾಟರ್ ಕಮ್, ಕಡಕ್ ಬನಾವ್' ಅಂತ ಮೊದಲೇ ಹೇಳಿ. ಬಂದ ಐದು ನಿಮಿಷದೊಳಗೆ ತಿನ್ನಿ. ಪಾರ್ಸೆಲ್ ತೆಗೆದುಕೊಂಡರೆ ಮನೆಗೆ ಮುಟ್ಟುವುದು ಕೆಂಪು ಮುದ್ದೆ.

ಮತ್ತೊಂದು. ಮಧ್ಯಾಹ್ನ ಮುಚ್ಚಿ ಸಂಜೆ ತೆರೆಯುವ ಹೋಟೆಲಿನಲ್ಲಿ ಮೊದಲ ಹದಿನೈದು ನಿಮಿಷ ದೋಸೆ ಹೇಳಬೇಡಿ. ಹಿಟ್ಟು ಆಗಷ್ಟೇ ಫ್ರಿಜ್ಜಿನಿಂದ ಹೊರಗೆ ಬಂದಿರುತ್ತದೆ, ತಣ್ಣನೆ ಹಿಟ್ಟು ಬಿದ್ದ ಕಡೆ ತವಾದ ಬಿಸಿ ಇಳಿಯುತ್ತದೆ. ಬಣ್ಣ ಬರುವುದಿಲ್ಲ.

ಮುಲುಂಡ್ ಮಾವ
ಎಲ್ಲ ಕಡೆ ಹೀಗೆ ಜಜ್ಜುವುದಿಲ್ಲ, ತವಾದವರೇ. ಮಾಟುಂಗಾದ ಹಳೇ ಹೋಟೆಲ್‌ಗಳಲ್ಲಿ ಈಗಲೂ ಚಟ್ನಿ ಸವರಿ ಪಲ್ಯ ಇಡೋದೇ. ಜಜ್ಜೋದು ಬೀದಿ ಗಾಡಿ, ಘಾಟ್ಕೋಪರ್ ಖಾವು ಗಲ್ಲಿ (ತಿಂಡಿ ಬೀದಿ), ಕಾಲೇಜು ಹೊರಗಿನ ಸ್ಟಾಲ್. ಬೆಣ್ಣೆ ಬೇಡದವರು 'ಕಮ್ ಮಸ್ಕಾ' ಅನ್ನಬೇಕು. 'ಬೆಣ್ಣೆ ಬೇಡ' ಅಂದ್ರೆ ನಿಮ್ಮ ಮುಖ ನೋಡ್ತಾರೆ.

ಹುಬ್ಬಳ್ಳಿ ಗಿರಮಿಟ್
ಒಂದು ಅಡ್ಡ ಪ್ರಶ್ನೆ. ಮುಂಬೈ ಸಾಂಬಾರ್ ಸೀ ಇರ್ತದ ಅಂತಾರಲ್ಲ, ಗುಜರಾತಿ ಮಂದಿ ಸಲುವಾಗಿ ಬೆಲ್ಲ ಸುರೀತಾರ ಅಂತ. ಖರೇ ಏನ್ರಿ?

ತವಾ ಹತ್ತಿರದವ
ಅರ್ಧ ಸತ್ಯ. ಉಡುಪಿಯ ಹುಳಿಗೇ ಬೆಲ್ಲ ಉಂಟು, ತೆಂಗಿನಕಾಯಿ ಹುರಿದು ರುಬ್ಬಿದ ಮಸಾಲೆ ಉಂಟು. ಅದನ್ನು ಕಲಿತವರು ಗುಜರಾತಿಗೆ ಬೆದರಬೇಕಾಗಿಲ್ಲ. ಮಾಟುಂಗಾದಲ್ಲಿ ತಮಿಳು ಗಿರಾಕಿಗಳಿಗಾಗಿ ಬೆಳೆದ ಹೋಟೆಲುಗಳೂ ಉಂಟು, ಅಲ್ಲಿ ತೊಗರಿ-ಹುಣಸೆ ಮುಂದೆ, ಬೆಲ್ಲ ಹಿಂದೆ. ಒಂದು ಚಮಚ ನಾಲಿಗೆಗೆ ಹಾಕಿದರೆ ಭಟ್ರು ಯಾವ ಕಡೆಯವರ ಹತ್ತಿರ ಕಲಿತವರು ಅಂತ ಗೊತ್ತಾಗುತ್ತದೆ. ಆದರೆ ಉಪನಗರದ ಹೋಟೆಲುಗಳಲ್ಲಿ ಸಾಂಬಾರಿಗೆ ಬೇಳೆಗಿಂತ ಕುಂಬಳಕಾಯಿ, ಬೆಲ್ಲ ಹೆಚ್ಚು. ಕುಂಬಳಕಾಯಿ ಅಗ್ಗ, ಸಾರು ಮಂದ ಆಗುತ್ತದೆ. ಅಷ್ಟೆ ರಹಸ್ಯ.

ಮುಲುಂಡ್ ಮಾವ
ಇನ್ನೊಂದು, ಉಡುಪಿ ಹೋಟೆಲ್ ಅಂದ ಕೂಡಲೇ ಅಡುಗೆಮನೆಯಲ್ಲಿ ನಮ್ಮವರೇ ಅಂತ ತಿಳ್ಕೋಬೇಡಿ. ಗಲ್ಲಾದಲ್ಲಿ ತುಳು, ತವಾ ಹತ್ತಿರ ಹಿಂದಿ. ಖಾರ-ಎಣ್ಣೆ ವಿಷಯ ವೇಟರ್‌ಗೆ ಹಿಂದೀಲೇ ಹೇಳಿ. ದೂರು ಮಾತ್ರ ಗಲ್ಲಾದಲ್ಲಿ ಕನ್ನಡದಲ್ಲಿ!

ಮಾಂಜಿ ಮರುವಾಯಿ
ಮೀನಿನವರು ಇಬ್ಬರು ಇದ್ದಾರಲ್ಲ, ಅವರಿಗೆ ಬೇಜಾರಿನ ಸುದ್ದಿ. ಜೂನ್ 1ರಿಂದ ಜುಲೈ 31ರ ತನಕ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ಬಂದ್. ನೀವು ಬರುವುದು ಸರಿಯಾಗಿ ಅದರ ಬಾಲಕ್ಕೆ. ಆ ಹೊತ್ತಿಗೆ ಮೇಜಿಗೆ ಬರುವ ದೊಡ್ಡ ಪಾಪ್ಲೆಟ್, ಸುರ್ಮಯಿ ಹೆಚ್ಚಿನದು ಐಸಿನಲ್ಲಿ ಮಲಗಿದ್ದು. ಮೆನುವಿನಲ್ಲಿ 'ತಾಜಾ' ಅಂತ ಬರೆದದ್ದು ಬರೆದ ಹಾಗೇ ಇರುತ್ತದೆ, ಕ್ಯಾಲೆಂಡರ್ ನೋಡಿ ಅಳಿಸುವುದಿಲ್ಲ.

ಮೊದಲು ಹೆಸರು. ನಮ್ಮ ಅಂಜಲ್ ಇಲ್ಲಿ ಸುರ್ಮಯಿ, ಮಾಂಜಿ ಪಾಪ್ಲೆಟ್, ಬಂಗುಡೆ ಬಾಂಗ್ಡಾ, ಬೂತಾಯಿ ತಾರ್ಲಿ, ಮರುವಾಯಿ ತಿಸ್ರ್ಯಾ, ಸಿಗಡಿ ಕೋಳಂಬಿ. ಕಾಣೆ ಬೇಕಿದ್ದರೆ ಫೋರ್ಟ್ ಕಡೆಯ ಮಂಗಳೂರಿನವರ ಲಂಚ್ ಹೋಮ್‌ಗಳಲ್ಲಿ 'ಲೇಡಿ ಫಿಶ್' ಅನ್ನಿ.

ಆ ವಾರ ಕೇಳಬೇಕಾದ್ದು: ತಿಸ್ರ್ಯಾ ಸುಕ್ಕೆ, ಕೋಳಂಬಿ, ಒಣಮೀನಿನ ಬಗೆಗಳು. ಜವಳಾ (ಸಣ್ಣ ಒಣ ಸಿಗಡಿ) ಚಟ್ನಿ, ಸುಕಾ ಬೊಂಬಿಲ್ (ಒಣಗಿಸಿದ ಬಾಂಬೆ ಡಕ್ ಮೀನು) ಭಾಜಿ ಮಳೆಗಾಲದ್ದೇ ಅಡುಗೆ. ದಾದರ್ ಪಶ್ಚಿಮದಲ್ಲಿ ಸಿಂಧುದುರ್ಗ, ಚೈತನ್ಯ ಇವು ಮಾಲ್ವಣಿ (ಮಹಾರಾಷ್ಟ್ರದ ಕೊಂಕಣ) ಕಡೆಯವು, ನಿಮ್ಮ ವಸ್ತಿಗೆ ಹತ್ತಿರ. ಮಂಗಳೂರು ಗಸಿಯೇ (ತೆಂಗಿನಕಾಯಿ ರುಬ್ಬಿದ ಮಂದ ಸಾರು) ಆಗಬೇಕು ಅಂದ್ರೆ ಫೋರ್ಟಿನ ಮಹೇಶ್ ಲಂಚ್ ಹೋಮ್, ಅಪೂರ್ವ. ರುಚಿಯಲ್ಲಿ ವ್ಯತ್ಯಾಸ ಉಂಟು. ಮಾಲ್ವಣಿಯವರು ಒಣಕೊಬ್ಬರಿ-ಈರುಳ್ಳಿ ಕಪ್ಪಗೆ ಹುರಿದು ಗರಂ ಮಸಾಲೆ ಕೂಡಿಸುತ್ತಾರೆ, ಹುಳಿಗೆ ಕೋಕಂ (ಪುನರ್ಪುಳಿ). ನಮ್ಮದರಲ್ಲಿ ಬ್ಯಾಡಗಿ ಮೆಣಸು, ಹಸಿ ತೆಂಗಿನಕಾಯಿ, ಹುಣಸೆ.

ಬೊಂಬಿಲ್ ಫ್ರೈ ಒಂದು ಪರೀಕ್ಷೆ ಇದ್ದ ಹಾಗೆ. ಆ ಮೀನಿನ ಮೈಯೆಲ್ಲ ನೀರು. ಸರಿ ಮಾಡುವವರು ಸೀಳಿ, ನಡು ಮುಳ್ಳು ತೆಗೆದು, ಉಪ್ಪು ಸವರಿ, ಎರಡು ತಟ್ಟೆಯ ನಡುವೆ ಇಟ್ಟು ಮೇಲೆ ಭಾರ ಹೇರುತ್ತಾರೆ, ಅರ್ಧದಿಂದ ಒಂದು ಗಂಟೆ. ನೀರು ಇಳಿದ ಮೇಲೆ ಮಸಾಲೆ, ಆಮೇಲೆ ರವೆ ಮತ್ತು ಅಕ್ಕಿಹಿಟ್ಟು, ಕಡಿಮೆ ಎಣ್ಣೆಯಲ್ಲಿ ಎರಡೂ ಬದಿ. ಭಾರ ಹೇರದೆ ಹುರಿದರೆ ಹೊರಗೆ ರವೆ ಗರಿಗರಿ, ಒಳಗೆ ಗಂಜಿ. ಚಪ್ಪಟೆ ಪಟ್ಟಿಯ ಹಾಗೆ ಬಂದರೆ ಒತ್ತಿದ್ದು. ಉರುಟಾಗಿ, ಬಾಗಿ ಬಂದರೆ ಒತ್ತಿಲ್ಲ. ಹೇಳಿ ಹತ್ತು ನಿಮಿಷ ಆಗಬೇಕು, ಎರಡು ನಿಮಿಷಕ್ಕೇ ಬಂದರೆ ಮೊದಲೇ ಹುರಿದಿಟ್ಟದ್ದು.

ಮಾಂಜಿ ಮರುವಾಯಿ
ಮರೆತದ್ದು. 'ಸೈಜ್ ಪ್ರಮಾಣೆ' (ಗಾತ್ರಕ್ಕೆ ತಕ್ಕ ಬೆಲೆ) ಅಂತ ಬೆಲೆಯ ಜಾಗ ಖಾಲಿ ಬಿಟ್ಟ ಸಾಲುಗಳನ್ನು ನೋಡಿ ಹೆದರಬೇಡಿ, ಆದರೆ ಕೇಳದೆ ತರಿಸಬೇಡಿ. ಹಸಿ ಮೀನು ತಟ್ಟೆಯಲ್ಲಿ ತಂದು ತೋರಿಸಲು ಹೇಳಿ, ಬೆಲೆ ಒಂದಕ್ಕೋ ಕಿಲೋಕ್ಕೋ ಅಂತ ಬಾಯಿಬಿಟ್ಟು ಕೇಳಿ. ಏಡಿ ಆದರೆ ಚಿಪ್ಪಿನ ತೂಕಕ್ಕೂ ದುಡ್ಡು. ಥಾಲಿಯಲ್ಲಿ ಸುರ್ಮಯಿ ತುಂಡು 'ಬೀಚ್ ಕಾ' (ನಡುವಿನದು) ಕೇಳಿ, ಬಾಲದ ತುಂಡು ಹುರಿದರೆ ಒಣ ಸೌದೆ.

ಬಂಗುಡೆ, ಸುರ್ಮಯಿ ಐಸ್ ತಪ್ಪಿ ಸ್ವಲ್ಪ ಹೊತ್ತು ಇದ್ದರೂ ಮಾಂಸದಲ್ಲಿ ಹಿಸ್ಟಮಿನ್ ಕೂಡುತ್ತದೆ. ಅದು ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ನಾಲಿಗೆಗೆ ಮೆಣಸಿನ ಹಾಗೆ ಚುರುಚುರು ಅಂದರೆ ಅಲ್ಲಿಗೇ ನಿಲ್ಲಿಸಿ. ತಿಂದ ಸ್ವಲ್ಪ ಹೊತ್ತಿನಲ್ಲಿ ಮುಖ ಕೆಂಪಾಗಿ, ತುರಿಕೆ, ತಲೆನೋವು ಶುರುವಾದರೆ ಅದೇ. ಹೆಚ್ಚಿನವರು 'ಮೀನಿನ ಅಲರ್ಜಿ' ಅಂತ ತಿಳಿದುಕೊಳ್ಳುತ್ತಾರೆ. ಉಸಿರು ಕಟ್ಟಿದ ಹಾಗಾದರೆ ತಡ ಮಾಡದೆ ಡಾಕ್ಟರ್.

ಘಾಟ್ಕೋಪರ್ ಅಕ್ಕ
ಸೋಲ್ ಕಡಿ (ಕೋಕಂ-ತೆಂಗಿನಹಾಲಿನ ಪಾನೀಯ) ಬಗ್ಗೆ: ಗುಲಾಬಿ ಬಣ್ಣ ನೋಡಿ ಹಿರಿಯರಿಗೆ ಕೊಡಬೇಡಿ, ಅದರಲ್ಲಿ ಹೆಚ್ಚಾಗಿ ಬೆಳ್ಳುಳ್ಳಿ ಇರುತ್ತೆ. ಕೋಕಂ ಶರಬತ್ತು ಕೇಳಿ. ಸೋಲ್ ಕಡಿ ಎರಡು ಪದರ ಆಗಿ ನಿಂತಿದ್ರೆ, ಮೇಲೆ ಬಿಳಿ ಕೆಳಗೆ ನೀರು, ಬೆಳಿಗ್ಗೆ ಮಾಡಿದ್ದು. ಕಲಕಿದ್ರೆ ಕೂಡುತ್ತೆ, ಆದ್ರೆ ಹುಳಿವಾಸನೆ ಬಂದ್ರೆ ವಾಪಸ್. ತೆಂಗಿನಹಾಲು ಮಳೆಗಾಲದಲ್ಲೂ ಬೇಗ ಕೆಡುತ್ತೆ.

ಇನ್ನು ಸೋಮವಾರ. ಶ್ರಾವಣ ಶುರುವಾಗಿದ್ರೆ ಮರಾಠಿ ಹೋಟೆಲ್‌ಗಳಲ್ಲಿ ಉಪವಾಸದ ತಿಂಡಿ ಜೋರು, ಹಿರಿಯರಿಗೆ ಹಬ್ಬ. ಸಾಬುದಾಣಾ (ಸಬ್ಬಕ್ಕಿ) ಖಿಚಡಿ, ಸಾಬುದಾಣಾ ವಡೆ, ಎರಡರಲ್ಲೂ ಈರುಳ್ಳಿ-ಬೆಳ್ಳುಳ್ಳಿ ಇಲ್ಲ. ದಾದರ್ ಪಶ್ಚಿಮದಲ್ಲಿ ಸೇನಾ ಭವನದ ಎದುರು ಆಸ್ವಾದ್, ಆಚೆ ಪ್ರಕಾಶ್. ವಾರದ ರಜೆ ಆಗಾಗ ಬದಲಾಗ್ತಿರುತ್ತೆ, ಹೊರಡೋ ಮುಂಚೆ ಒಂದು ಫೋನ್ ಹಾಕಿ.

ಸಾಬುದಾಣಾ ವಡೆ ಬಂದ ತಕ್ಷಣ ಮುರಿದು ನೋಡಿ. ಒಳಗಿನ ಕಾಳು ಪಾರದರ್ಶಕವಾಗಿ, ಒಂದಕ್ಕೊಂದು ಅಂಟಿಯೂ ಬಿಡಿಬಿಡಿ ಕಾಣಬೇಕು. ನಡುವೆ ಬಿಳಿ ಚುಕ್ಕೆ ಇದ್ರೆ ನೆನೆದಿಲ್ಲ. ಕೈಗೆ ಎಣ್ಣೆ ಜಿನುಗಿದ್ರೆ ಎಣ್ಣೆ ಕಾಯೋ ಮುಂಚೆ ಬಿಟ್ಟಿದ್ದಾರೆ, ಇಲ್ಲವೇ ಕಾಳಲ್ಲಿ ನೀರು ಉಳಿದಿದೆ. ಥಾಲಿಪೀಠ್‌ನಲ್ಲಿ (ಹಲವು ಹಿಟ್ಟಿನ ಮಸಾಲೆ ರೊಟ್ಟಿ) ಈರುಳ್ಳಿ ಇದ್ದೇ ಇರುತ್ತೆ, ಕೇಳಿ. ಹುಡುಗರಿಗೆ ಪಿಯೂಷ್ ತರಿಸಿ: ಶ್ರೀಖಂಡ-ಮಜ್ಜಿಗೆ ಕಡೆದು ಜಾಯಿಕಾಯಿ ಹಾಕಿದ ಪಾನಕ, ಗಟ್ಟಿ. ಒಂದು ಲೋಟ ಇಬ್ಬರಿಗೆ ಧಾರಾಳ.

ಮಿಸಳ್ (ಮೊಳಕೆ ಕಾಳಿನ ಖಾರದ ರಸಾ ಅಂದ್ರೆ ಸಾರು, ಮೇಲೆ ಫರ್ಸಾಣ್ ಅನ್ನೋ ಕರಿದ ಮಿಕ್ಸ್ಚರ್) ದೊಡ್ಡವರಿಗೆ. ಬಟ್ಟಲಿಗೆ ರಸಾ ಒಂದೇ ಸಲ ಸುರೀಬೇಡಿ, ಫರ್ಸಾಣ್ ನೆನೆದು ಮುದ್ದೆ ಆಗುತ್ತೆ. ಅರ್ಧ ಹಾಕಿ, ತಿನ್ನುತ್ತಾ ಉಳಿದರ್ಧ. ಖಾರದ ಕೆಂಪೆಣ್ಣೆ 'ತರಿ' ಬೇರೆ ಬಟ್ಟಲಲ್ಲಿ ಕೇಳಿ. ಪುಣೆಯಲ್ಲಿ ಈ ಹೆಚ್ಚುವರಿ ರಸಾಕ್ಕೆ 'ಸ್ಯಾಂಪಲ್' ಅಂತಾರೆ, ದಾದರ್‌ನಲ್ಲಿ ಹಾಗಂದ್ರೂ ಅರ್ಥವಾಗುತ್ತೆ.

ವಾಶಿ ವಾಸಿ
ಗುಜರಾತಿ ಥಾಲಿ ಯಾರೂ ಹೇಳಲಿಲ್ಲ? ಕಾಲಬಾದೇವಿಯ ಠಾಕರ್ ಭೋಜನಾಲಯ, 1945ರದ್ದು.

ಡೊಂಬಿವ್ಲಿ ಸ್ಲೋ
ಅದೂ ಮಹಡಿ ಮ್ಯಾಲ ಐತಿ, ಒಂದೇ ದಿನ ಎರಡು ಮೆಟ್ಟಿಲ ಹತ್ತಸಬ್ಯಾಡ್ರಿ. ಸೋಮವಾರ ಹೋದ್ರ ಆದೀತು. ಅಲ್ಲಿ ಬಡಿಸೋ ವೇಗಕ್ಕ ಹೆದರಬಾರದು. ಮೊದಲು ಫರ್ಸಾಣ್, ಆಮ್ಯಾಲ ಪೂರಿ-ರೊಟ್ಟಿ, ಕಡೀಕ ಖಿಚಡಿ-ಕಢಿ. ಪೂರಿಗೇ ಹೊಟ್ಟಿ ತುಂಬಿಸಿಕೊಂಡ್ರ ಖಿಚಡಿ ಹೋತು. ಸಾಕು ಅಂದ್ರ ಬಾಯಿಲೆ ಹೇಳಿದ್ರ ಕೇಳಂಗಿಲ್ಲ, ಬಟ್ಟಲ ಮ್ಯಾಲ ಅಂಗೈ ಅಡ್ಡ ಹಿಡೀರಿ. ಆಮರಸ್ ಸಿಗೂದಿಲ್ಲ, ಮಳಿ ಬಿದ್ದ ಮ್ಯಾಲ ಹಾಪೂಸ್ ಮಾವು ಮುಗೀತು. ಕೊಟ್ಟರೂ ಡಬ್ಬಿದು. ಊಂಧಿಯು (ಗುಜರಾತಿ ಮಿಶ್ರ ತರಕಾರಿ ಪಲ್ಯ) ಚಳಿಗಾಲದ್ದು. ಅಂದ್ರ ನೀವು ಎರಡೂ ತಪ್ಪಿಸಿಕೊಂಡೇ ಬರಾಕತ್ತೀರಿ!

ಈಗ ಬಿಲ್ಲಿನ ಕತಿ. ರೆಸ್ಟೋರೆಂಟ್‌ಗೆ ಜಿಎಸ್‌ಟಿ 5%, ಎರಡೂವರೆ ಕೇಂದ್ರಕ್ಕ, ಎರಡೂವರೆ ರಾಜ್ಯಕ್ಕ. 1,000 ರೂಪಾಯಿ ತಿಂದ್ರ 1,050. ಕೆಲವರು 10% ಸರ್ವಿಸ್ ಚಾರ್ಜ್ ಹಾಕತಾರ. ಆಗ 1,100, ಅದರ ಮ್ಯಾಲ ತೆರಿಗೆ 55, ಒಟ್ಟು 1,155. ಈ ಸರ್ವಿಸ್ ಚಾರ್ಜ್ ತಾವಾಗೇ ಹಾಕೂ ಹಂಗಿಲ್ಲ ಅಂತ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈದಾಗ ಹೇಳೇತಿ, ದಿಲ್ಲಿ ಹೈಕೋರ್ಟ್ 2025ರಾಗ ಅದನ್ನ ಎತ್ತಿ ಹಿಡಿದೈತಿ. ಗಲಾಟಿ ಬ್ಯಾಡ, 'ಸರ್ವಿಸ್ ಚಾರ್ಜ್ ತೆಗೆದು ಬಿಲ್ ಮಾಡಿಕೊಡ್ರಿ' ಅಂದ್ರ ಸಾಕು.

ಸಣ್ಣ ಹೋಟೆಲ್ 'ಕಂಪೋಸಿಷನ್' (ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ) ಯೋಜನೆಯೊಳಗ ಇದ್ರ ಗಿರಾಕಿ ಹತ್ರ ಜಿಎಸ್‌ಟಿ ವಸೂಲಿ ಮಾಡೂ ಹಂಗೇ ಇಲ್ಲ, ಅದನ್ನ ಬಿಲ್ಲಿನ ಮ್ಯಾಲ ಬರದಿರಬೇಕು. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐದ 14 ಅಂಕಿಯ ನಂಬರೂ ಬಿಲ್ಲಿನ್ಯಾಗ ಇರಬೇಕು. ಎಸಿ ಕೋಣಿಯೊಳಗ ರೇಟೇ ಬ್ಯಾರೆ ಇರ್ತದ. ಹೊರಗಿನ ಮೆನು ನೋಡಿ ಒಳಗ ಕುಂತು ಜಗಳಾಡಬ್ಯಾಡ್ರಿ, ಕುಂದ್ರೂ ಮುಂಚೆ ಕೇಳ್ರಿ. ಕುಂತ ಕೂಡಲೇ 'ಸಾದಾ ಯಾ ಬಾಟಲಿ?' ಅಂತ ನೀರಿನ ಮಾತು ಬರತದ. ಸುಮ್ಮನಿದ್ರ ಆರು ಬಾಟಲಿ ತೆರೀತಾವ.

ವಾಶಿ ವಾಸಿ
ಮಕ್ಕಳು ಚೈನೀಸ್ ಕೇಳ್ತಾರೆ, ಬರೆದಿಟ್ಟುಕೊಳ್ಳಿ. ಮಂಚೂರಿಯನ್ ಹುಟ್ಟಿದ್ದೇ ಈ ಊರಲ್ಲಿ, 1975ರ ಸುಮಾರಿಗೆ ನೆಲ್ಸನ್ ವಾಂಗ್ ಕೈಯಲ್ಲಿ ಅಂತ ಹೆಸರು. ಉಡುಪಿ ಹೋಟೆಲಿನ ತ್ರಿಪಲ್ ಶೆಜ್ವಾನ್ (ಫ್ರೈಡ್ ರೈಸ್, ನೂಡಲ್ಸ್, ಗ್ರೇವಿ ಮೂರೂ ಸೇರಿ) ಒಂದು ಪ್ಲೇಟ್ ಇಬ್ಬರಿಗಿಂತ ಹೆಚ್ಚು ಜನಕ್ಕೆ ಆಗುತ್ತೆ, ಆದ್ರೆ ಶೆಜ್ವಾನ್ ಅಂದ್ರೆ ಬೆಳ್ಳುಳ್ಳಿ-ಕೆಂಪು ಮೆಣಸು, 8ರ ಹುಡುಗನಿಗೆ ಆಗಲ್ಲ. ಹಕ್ಕಾ ನೂಡಲ್ಸ್ ಸಾಕು.

ಕಿಂಗ್ಸ್ ಸರ್ಕಲ್ ಕಾಫಿ
ಮಕ್ಕಳಿಗೆ ಅದಕ್ಕಿಂತ ಇರಾನಿ ಕೆಫೆ ತೋರಿಸಿ. ಧೋಬಿ ತಲಾವ್‌ನ ಕಯಾನಿ (1904), ಮೆಟ್ರೋ ಸಿನಿಮಾ ಎದುರು. ಬನ್ ಮಸ್ಕಾ, ಮಾವಾ ಕೇಕ್, 'ಪಾನಿ ಕಮ್' ಚಾ, ಅಂದ್ರೆ ನೀರು ಕಡಿಮೆ, ಗಟ್ಟಿ ಹಾಲಿನದು. ಬ್ರೂನ್ ಪಾವ್ ಹೊರಗೆ ಕಲ್ಲಿನ ಹಾಗೆ ಗಟ್ಟಿ, ಚಹಾದಲ್ಲಿ ಅದ್ದಿ ತಿನ್ನೋಕೆ ಅಂತಲೇ ಇರೋದು. ಒಣದಾಗಿ ಕಚ್ಚಿ 'ಹಳಸಿದೆ' ಅನ್ನಬೇಡಿ. ಕೇಕ್‌ಗಳಲ್ಲಿ ಮೊಟ್ಟೆ ಇರುತ್ತೆ, ಹಿರಿಯರಿಗೆ ಬೇಡ. ಬ್ಯಾಲಾರ್ಡ್ ಎಸ್ಟೇಟ್‌ನ ಬ್ರಿಟಾನಿಯಾ (1923) ಮಧ್ಯಾಹ್ನ ಮಾತ್ರ, ಅಲ್ಲಿ ಬೆರ‍್ರಿ ಪುಲಾವ್. ಮೇಲೆ ಉದುರಿಸೋ ಹುಳಿ ಹಣ್ಣು ಇರಾನಿನ ಝೆರೆಷ್ಕ್. ಅನ್ನದ ರಾಶಿಯ ಕೆಳಗೆ ಮಾಂಸ-ಮಸಾಲೆ ಅಡಗಿರುತ್ತೆ, ಮೇಲಿಂದ ತಿಂದು ಬರೀ ಅನ್ನ ಅಂತ ನಿಲ್ಲಿಸಬೇಡಿ.

ಹುಬ್ಬಳ್ಳಿ ಗಿರಮಿಟ್
ಭಾಳ ಉಪಕಾರ ಆತ್ರಿ. ಹಿಂಗ ಹಾಕೀನಿ ನೋಡ್ರಿ. ಭಾನುವಾರ ಏಳೂವರೆಕ್ಕ ಕೆಫೆ ಮದ್ರಾಸ್, 'ನಾಲ್ಕು-ಎರಡು' ಅಂತ ಬರಸೂದು. ಹನ್ನೊಂದೂವರೆಕ್ಕ ಹಿರಿಯರು, ಹುಡುಗರು ರಾಮ ನಾಯಕರ ಹತ್ರ, ಮೀನದವರು ದಾದರ್‌ದಾಗ ತಿಸ್ರ್ಯಾ. ಸಂಜೀಕ ಪಾವ್ ಭಾಜಿ, ಹಿರಿಯರಿಗೆ ಹಣ್ಣು-ಹಾಲು. ಸೋಮವಾರ ಮುಂಜಾನೆ ಸಾಬುದಾಣಾ, ಮಧ್ಯಾಹ್ನ ಠಾಕರ್, ಅಲ್ಲಿಂದ ಕಯಾನಿ. ಏನರ ತಪ್ಪಿದ್ರ ಹೇಳ್ರಿ.

ತವಾ ಹತ್ತಿರದವ
ಏಳೂವರೆಗೆ ಬೆಣ್ಣೆ ಇಡ್ಲಿ, ಹನ್ನೊಂದೂವರೆಗೆ ಎಲೆ ಊಟ, ಆಗುವುದಿಲ್ಲ ಮಾರಾಯ್ರೆ. ಬೆಳಿಗ್ಗೆ ತಲಾ ಒಂದು ಪ್ಲೇಟಿಗೆ ನಿಲ್ಲಿಸಿ. ಠಾಕರ್‌ನಿಂದ ಸೀದಾ ಕಯಾನಿಗೂ ಹೋಗಬೇಡಿ, ನಡುವೆ ಎರಡು ಗಂಟೆಯಾದರೂ ಬಿಡಿ.

ಡೊಂಬಿವ್ಲಿ ಸ್ಲೋ
ಮಳಿ ಲೆಕ್ಕಕ್ಕ ಹಿಡೀರಿ. ಕಿಂಗ್ಸ್ ಸರ್ಕಲ್ ಹತ್ರದ ಗಾಂಧಿ ಮಾರ್ಕೆಟ್, ದಾದರ್ ಪೂರ್ವದ ಹಿಂದಮಾತಾ, ಎರಡೂ ನೀರು ನಿಲ್ಲೂ ಜಾಗ. ನಿಮ್ಮ ದಾರಿ ಎರಡರ ನಡುವೇ ಐತಿ. ಹಿಂದಿನ ರಾತ್ರಿ ಭರತಿಯ (ಸಮುದ್ರದ ಉಬ್ಬರದ) ಹೊತ್ತು ನೋಡ್ರಿ. ನಾಲ್ಕೂವರೆ ಮೀಟರ್ ಮ್ಯಾಲಿನ ಭರತಿ ಇದ್ದು, ಅದೇ ಹೊತ್ತಿಗೆ ಜೋರು ಮಳಿ ಹಿಡದ್ರ ಮಾಟುಂಗಾ ಬಿಟ್ಟು ದಾದರ್ ಪಶ್ಚಿಮದಾಗ ಸ್ಟೇಷನ್ ಸುತ್ತಮುತ್ತ ಉಣ್ರಿ. ಟ್ಯಾಕ್ಸಿದವರಿಗೆ ಕಿಂಗ್ಸ್ ಸರ್ಕಲ್ ಅಂದ್ರೂ ಆತು, ಮಹೇಶ್ವರಿ ಉದ್ಯಾನ್ ಅಂದ್ರೂ ಆತು, ಎರಡೂ ಒಂದೇ.

ಹುಬ್ಬಳ್ಳಿ ಗಿರಮಿಟ್
ಠಾಕರ್ ಮತ್ತ ಕಯಾನಿ ನಡುವೆ ಎರಡು ತಾಸು ಬಿಟ್ಟೆ. ಭರತಿ ವ್ಯಾಳ್ಯಾ ಶನಿವಾರ ರಾತ್ರಿ ನೋಡತೀನಿ.